ಮರಳುಗಾಡಿನ ಮೋಟಾರು ಸಾಹಸ

ನಳದಮಯಂತಿಯರ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಕನಕದಾಸರ ‘ನಳಚರಿತ್ರೆ’ಯಿಂದಲೋ, ಹರಿಕಥೆಯಿಂದಲೋ, ಅಜ್ಜಿಯ ಬಾಯಿಂದಲೋ ಅದು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಮಹಾಭಾರತದ ಆ ಕಥೆಯಲ್ಲಿ ಒಂದು ಪ್ರಸಂಗವುಂಟು. ರಾಜ್ಯವನ್ನೂ ರೂಪವನ್ನೂ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಸಾರಥಿಯಾಗಿರುತ್ತಾನೆ. ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕೆಂದು ರಾಜನ ಅಪ್ಪಣೆ. ರಥ ಗಾಳಿಯಂತೆ ಓಡುತ್ತಿರುವಾಗ ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ. ರಥವನ್ನು ನಿಲ್ಲಿಸು ಎಂದರೆ, ಅದು ಬಿದ್ದ ಜಾಗ ಆಗಲೇ ಒಂದು ಯೋಜನ ಹಿಂದೆ ಉಳಿಯಿತೆಂದು ಬಾಹುಕ ಹೇಳುತ್ತಾನೆ. ವೇಗವನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸುವುದು ಕಷ್ಟ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ತಾರೆಯ ಮರವೊಂದು ಎದುರಾಗುತ್ತದೆ. ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂಬುದನ್ನು ಋತುಪರ್ಣ ನೋಡಿದೊಡನೆಯೇ ಹೇಳಿಬಿಡುತ್ತಾನೆ. ಉತ್ತರೀಯಕ್ಕಾಗಿ ನಿಲ್ಲದ ನಳ ಈ ವಿದ್ಯೆಗಾಗಿ ರಥವನ್ನು ನಿಲ್ಲಿಸಿ ಕೆಳಗಿಳಿಯುತ್ತಾನೆ. ತನ್ನ ಅಶ್ವವಿದ್ಯೆಗೆ ಬದಲಾಗಿ ರಾಜನಿಂದ ಎಣಿಕೆಯ ವಿದ್ಯೆಯನ್ನು ಪಡೆಯುತ್ತಾನೆ. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಈ ಕಥೆಯನ್ನು ಹೇಳುತ್ತ ಬಂದವನು ನಾನು. ಇದಕ್ಕೆ ಮೋಟಾರು ಸೈಕಲ್ಲಿನ ಸಂಬಂಧವೂ ಉಂಟೆಂಬುದು ಕಳೆದ ಬೇಸಿಗೆಯವರೆಗೆ ನನಗೆ ಹೊಳೆದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನಮ್ಮ ಮನೆಗೆ ಬಂದರು. ಮಗನಿಗೆ ಇಪ್ಪತ್ತೊಂದು ವರ್ಷ. ಸಂಬಳ ಬರತೊಡಗಿದ ಮೂರನೆಯ ತಿಂಗಳಿಗೆ ಕಂತಿನ ಮೇಲೆ ಮೋಟಾರು ಸೈಕಲ್ಲು ಕೊಂಡಿದ್ದಾನೆ. ರಾತ್ರಿ ಊಟವಾದ ಮೇಲೆ ಬೈಪಾಸ್ ರಸ್ತೆಗೆ ಹೋಗಿ, ಗೆಳೆಯರೊಡನೆ ಪಂತ ಕಟ್ಟಿ, ಮುಂದಿನ ಗಾಲಿಯನ್ನು ಮೇಲೆತ್ತಿ ಓಡಿಸುತ್ತಾನಂತೆ. “ಮೇಷ್ಟ್ರೇ, ಇವನ ಜೊತೆಯ ಹುಡುಗನಿಗೆ ಯುಗಾದಿಯ ಹಿಂದಿನ ವಾರ ಮಂಡಿಯ ಕೆಳಗೆ ಕಾಲು ತೆಗೆದರು. ಆದರೂ ಇವನು ಬಿಡಲಿಲ್ಲ. ಗೇಟಿನ ಸದ್ದು ಕೇಳುವವರೆಗೆ ನನಗೆ ನಿದ್ದೆಯಿಲ್ಲ. ನೀವಾದರೂ ಒಂದು ಮಾತು ಹೇಳಿ” ಎಂದರು.

ಹುಡುಗ ಬಂದ. ನಾನು ಬೈಯಲು ಸಿದ್ಧನಾಗಿಯೇ ಕುಳಿತಿದ್ದೆ. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ. ಕೊನೆಗೆ, “ಸಾರ್, ಡಾಕರ್ ಅಂತ ಒಂದು ಪಂದ್ಯ ಇದೆ. ನಮ್ಮ ಬೆಂಗಳೂರಿನವರೇ ಅದರಲ್ಲಿ ಓಡಿಸಿದ್ದಾರೆ. ಅವರದು ಸಾಹಸ, ನನ್ನದು ಮಾತ್ರ ಪೋಕರಿತನವೇ?” ಎಂದು ಕೇಳಿದ. ಬೈಸಿಕಲ್ಲನ್ನು ಬಿಟ್ಟು ಬೇರೆ ವಾಹನವನ್ನು ನಡೆಸಿ ಅರಿಯದ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಗೊತ್ತಿಲ್ಲದಾಗ ‘ನಾಳೆ ಹೇಳುತ್ತೇನೆ’ ಎನ್ನುವುದು ಉಪಾಧ್ಯಾಯರ ವಾಡಿಕೆ. ಆ ನಾಳೆ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದೆಯೂ ಇಡುತ್ತೇನೆ. ನಿಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆಯನ್ನು ಕೇಳುವ ಮಗನೋ ಮಗಳೋ ಇರಬಹುದಲ್ಲವೆ?

ಮೊದಲು ಪಂದ್ಯದ ಹುಟ್ಟನ್ನು ನೋಡೋಣ. ಥಿಯರಿ ಸಬಿನ್ ಎಂಬ ಫ್ರಾನ್ಸಿನ ಸವಾರ 1977ರಲ್ಲಿ ಇನ್ನೊಂದು ಪಂದ್ಯದಲ್ಲಿ ಓಡುತ್ತಿರುವಾಗ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿದ. ಸಾವಿನ ಅಂಚಿನಲ್ಲಿದ್ದವನನ್ನು ಜನ ಕಂಡು ಉಳಿಸಿದರು. ಬದುಕಿ ಬಂದವನು ಮರುಭೂಮಿಯ ಹೆಸರೆತ್ತಲು ಹೆದರಬೇಕಾಗಿತ್ತು. ಆದರೆ ಅವನು ಅದರ ಮೋಹಕ್ಕೆ ಸಿಕ್ಕಿ, ಉಳಿದವರನ್ನೂ ಅಲ್ಲಿಗೆ ಕರೆದೊಯ್ಯಬೇಕೆಂದು ಸಂಕಲ್ಪಿಸಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್ ನಗರದಿಂದ 182 ವಾಹನಗಳು ಹೊರಟವು. ಸಮುದ್ರ ದಾಟಿ, ಸಹಾರಾವನ್ನು ಹಾಯ್ದು, ಸುಮಾರು 10,000 ಕಿಲೋಮೀಟರು ದೂರದ ಸೆನೆಗಲ್ ದೇಶದ ರಾಜಧಾನಿ ಡಾಕರನ್ನು ಅವು ಸೇರಬೇಕಾಗಿತ್ತು. ಸೇರಿದವು 74 ಮಾತ್ರ. ಕಾರು, ಲಾರಿಗಳನ್ನೆಲ್ಲ ಹಿಂದೆ ಹಾಕಿ ಗೆದ್ದವನು ಸಿರಿಲ್ ನೆವ್ಯೂ ಎಂಬ ಮೋಟಾರು ಸೈಕಲ್ ಸವಾರ.

ಮರುಭೂಮಿ ಯಾರ ಮುಖವನ್ನೂ ನೋಡುವುದಿಲ್ಲ. 1982ರಲ್ಲಿ ಅಂದಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಇದೇ ಪಂದ್ಯದಲ್ಲಿ ದಾರಿ ತಪ್ಪಿ 6 ದಿನ ಕಾಣೆಯಾಗಿದ್ದ. ವಿಮಾನಗಳು ಹುಡುಕಿದ ಮೇಲೆ ಸಿಕ್ಕಿದ. 1986ರಲ್ಲಿ ಸ್ವತಃ ಸಬಿನ್, ಪಂದ್ಯ ನಡೆಯುತ್ತಿರುವಾಗಲೇ, ಮಾಲಿ ದೇಶದಲ್ಲಿ ಹೆಲಿಕಾಪ್ಟರ್ ಬಿದ್ದು ನಾಲ್ವರು ಜೊತೆಗಾರರೊಂದಿಗೆ ತೀರಿಹೋದ. 2008ರಲ್ಲಿ ದಾರಿಯಲ್ಲಿ ಉಗ್ರಗಾಮಿಗಳ ಭಯವುಂಟೆಂದು ಪಂದ್ಯವನ್ನೇ ರದ್ದುಮಾಡಿದರು. 2009ರಿಂದ 2019ರವರೆಗೆ ಅದು ದಕ್ಷಿಣ ಅಮೆರಿಕದಲ್ಲಿ ನಡೆಯಿತು. 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಡಾಕರ್ ನಗರವನ್ನು ಬಿಟ್ಟು ಇಷ್ಟು ವರ್ಷಗಳಾದರೂ ಹೆಸರು ಮಾತ್ರ ಡಾಕರ್ ಎಂದೇ ಉಳಿದಿದೆ. ತವರು ಬಿಟ್ಟವರು ಮನೆಯ ಹೆಸರನ್ನು ಬಿಡುವುದಿಲ್ಲವಲ್ಲ, ಹಾಗೆ.

ಈ ಪಂದ್ಯ ಸುಮಾರು ಎರಡು ವಾರ ನಡೆಯುತ್ತದೆ. ದಿನಕ್ಕೊಂದು ಹಂತ. ಪ್ರತಿ ಹಂತದಲ್ಲಿಯೂ ಎರಡು ಬಗೆಯ ದಾರಿಗಳುಂಟು. ಒಂದು, ಗಡಿಯಾರವಿಟ್ಟು ಅಳೆಯುವ ಕಾಡುದಾರಿ. ಅಲ್ಲಿ ಯಾರು ಕಡಿಮೆ ಹೊತ್ತು ತೆಗೆದುಕೊಳ್ಳುವರೋ ಅವರು ಮುಂದು. ಇನ್ನೊಂದು, ಆ ಕಾಡುದಾರಿಗೂ ಬಿಡಾರಕ್ಕೂ ನಡುವೆ ಇರುವ ಸಾರ್ವಜನಿಕ ರಸ್ತೆ. ಈ ಎರಡನೆಯದನ್ನು ನೆನಪಿನಲ್ಲಿಡಿ. ಮುಂದೆ ಅದರ ಮಾತು ಬರುತ್ತದೆ.

ಕಾಡುದಾರಿ ಎಂದೆನಾದರೂ ಅಲ್ಲಿ ದಾರಿಯೇ ಇರುವುದಿಲ್ಲ. ಕೈಕಂಬವಿಲ್ಲ, ಮೈಲಿಗಲ್ಲಿಲ್ಲ. ಎತ್ತ ನೋಡಿದರೂ ಮರಳು, ಇಲ್ಲವೆ ಕಲ್ಲು. ನಮ್ಮ ಕೈಯ ಫೋನು ತೋರಿಸುವಂಥ ನಕ್ಷೆಯನ್ನು ಸವಾರ ಬಳಸುವಂತಿಲ್ಲ. ಅವನಿಗೆ ಕೊಡುವುದು ‘ರೋಡ್ ಬುಕ್’ ಎಂಬ ದಾರಿಪುಸ್ತಕ ಮಾತ್ರ. ಬಹುಕಾಲ ಇದು ಕಾಗದದ ಸುರುಳಿಯಾಗಿತ್ತು. ಹ್ಯಾಂಡಲಿನ ಮೇಲಿನ ಪೆಟ್ಟಿಗೆಯಲ್ಲಿ ಅದನ್ನು ಸುತ್ತಿಟ್ಟು, ಪಂಚಾಂಗದ ಸುರುಳಿಯನ್ನು ಬಿಚ್ಚಿದಂತೆ ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತ ಹೋಗಬೇಕಾಗಿತ್ತು. ಈಚೆಗೆ ಅದರ ಜಾಗಕ್ಕೆ ವಿದ್ಯುತ್ ಫಲಕ ಬಂದಿದೆ. ರೂಪ ಯಾವುದಾದರೂ ಒಳಗಿನ ವಿಷಯ ಒಂದೇ. ಒಂದೊಂದು ಮನೆಯಲ್ಲಿಯೂ ಇಷ್ಟು ಕಿಲೋಮೀಟರಿಗೆ ಈ ಗುರುತು ಸಿಕ್ಕಬೇಕು, ಅಲ್ಲಿಂದ ಇಷ್ಟು ಡಿಗ್ರಿಯ ದಿಕ್ಕು ಹಿಡಿಯಬೇಕು ಎಂಬ ಸಂಕೇತಗಳಿರುತ್ತವೆ. ಮುಂದೆ ಅಪಾಯವಿದ್ದರೆ ಆಶ್ಚರ್ಯಸೂಚಕ ಚಿಹ್ನೆ. ಒಂದಿದ್ದರೆ ಎಚ್ಚರ, ಎರಡಿದ್ದರೆ ಹೆಚ್ಚು ಎಚ್ಚರ, ಮೂರಿದ್ದರೆ ಪ್ರಾಣಾಪಾಯ. ವ್ಯಾಕರಣ ಕಲಿಸುವ ನಾನು ಆ ಚಿಹ್ನೆಗೆ ಇಷ್ಟು ಬೆಲೆಯಿದೆಯೆಂದು ತಿಳಿದಿರಲಿಲ್ಲ! ದಾರಿಯುದ್ದಕ್ಕೂ ಕಣ್ಣಿಗೆ ಕಾಣದ ಗೊತ್ತಾದ ಠಾಣೆಗಳಿರುತ್ತವೆ. ಅವುಗಳ ಹತ್ತಿರ ಹಾಯದೆ ಹೋದರೆ ದಂಡವಾಗಿ ನಿಮಿಷಗಳನ್ನು ಕೂಡಿಸುತ್ತಾರೆ.

ಕಾರಿನಲ್ಲಿ ಸ್ಪರ್ಧಿಸುವವರು ಇಬ್ಬರು. ಒಬ್ಬ ನಡೆಸುವವನು, ಇನ್ನೊಬ್ಬ ದಾರಿಪುಸ್ತಕವನ್ನು ಓದಿ ಹೇಳುವವನು. ಒಬ್ಬ ನಳ, ಇನ್ನೊಬ್ಬ ಋತುಪರ್ಣ. ಮೋಟಾರು ಸೈಕಲ್ಲಿನವನಿಗೆ ಆ ಅನುಕೂಲವಿಲ್ಲ. ಕುದುರೆಯನ್ನು ನಡೆಸುವವನೂ ಎಲೆಯನ್ನು ಎಣಿಸುವವನೂ ಅವನೊಬ್ಬನೇ. ಒಂದು ಕಣ್ಣು ನೆಲದ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ, ಮನಸ್ಸಿನಲ್ಲಿ ಕಿಲೋಮೀಟರಿನ ಲೆಕ್ಕ. ಲೆಕ್ಕ ತಪ್ಪಿದ ಮೇಲೆ ವೇಗವಾಗಿ ಹೋದಷ್ಟೂ ಗುರಿಯಿಂದ ದೂರವೇ ಆಗುತ್ತಾನೆ. ಆದ್ದರಿಂದ ಬಲ್ಲ ಸವಾರ ಅನುಮಾನ ಬಂದೊಡನೆ ವೇಗವನ್ನು ತಗ್ಗಿಸುತ್ತಾನೆ. ಬೇಕಾದರೆ ಕೊನೆಯ ಗುರುತಿನವರೆಗೆ ಹಿಂದಿರುಗುತ್ತಾನೆ.

ಮರಳಿನ ಸ್ವಭಾವವನ್ನೂ ಅವನು ಕಲಿತಿರಬೇಕು. ಗಾಳಿ ಬೀಸುವ ಕಡೆಯಲ್ಲಿ ಮರಳುದಿಬ್ಬ ನಯವಾಗಿ ಏರುತ್ತದೆ. ಆಚೆಯ ಬದಿಯಲ್ಲಿ ಮರಳು ಜಾರಿ ಜಾರಿ, 30 ಡಿಗ್ರಿಗೂ ಮೀರಿದ ಕಡಿದಾದ ಇಳಿಜಾರು ಆಗಿರುತ್ತದೆ. ಏರುವಾಗ ವೇಗ ಸಾಲದಿದ್ದರೆ ಗಾಲಿ ಹೂತುಹೋಗುತ್ತದೆ. ಅದೇ ವೇಗದಲ್ಲಿ ನೆತ್ತಿಯನ್ನು ದಾಟಿದರೆ ಆಚೆಯ ಪ್ರಪಾತಕ್ಕೆ ಹಾರಿದಂತೆ. ಏರುವವರೆಗೆ ಬಲ, ನೆತ್ತಿಯಲ್ಲಿ ಸಂಯಮ. ಕ್ಷಣಕ್ಷಣಕ್ಕೂ ಇವೆರಡನ್ನೂ ತೂಗಬೇಕು. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ನೆರಳಿಲ್ಲದೆ ಮರಳೆಲ್ಲ ಒಂದೇ ಬಣ್ಣವಾಗಿ, ದಿಬ್ಬ ಎಲ್ಲಿ ಮುಗಿಯಿತೆಂಬುದೇ ತಿಳಿಯುವುದಿಲ್ಲ. ಸವಾರ ಹೆಚ್ಚು ಹೊತ್ತು ಕುಳಿತಿರುವುದಿಲ್ಲ. ಕಾಲೂರುವ ಮೆಟ್ಟಿಲುಗಳ ಮೇಲೆ ಮಂಡಿ ಸಡಿಲಿಸಿ ನಿಂತೇ ಹೋಗುತ್ತಾನೆ. ಕಾಲುಗಳೇ ಅವನಿಗೆ ಸ್ಪ್ರಿಂಗು. ಟಯರಿನೊಳಗೆ ಗಾಳಿಯ ಟ್ಯೂಬಿನ ಬದಲು ನೊರೆಯಂಥ ರಬ್ಬರು ತುಂಬಿರುತ್ತದೆ. ಮುಳ್ಳು ಕಲ್ಲು ಚುಚ್ಚಿ ಪಂಕ್ಚರಾಗುವ ಭಯವಿಲ್ಲ. ಎಂಜಿನ್ನಿನ ಗಾತ್ರಕ್ಕೂ ಮಿತಿಯುಂಟು: 450 ಸಿ.ಸಿ.ಯನ್ನು ಮೀರುವಂತಿಲ್ಲ.

ಈಗ ಸಾರ್ವಜನಿಕ ರಸ್ತೆಯ ಮಾತಿಗೆ ಬರೋಣ. ಈ ಜಗದ್ವಿಖ್ಯಾತ ಸವಾರರು ಊರ ರಸ್ತೆಗೆ ಬಂದರೆ ನಮ್ಮ ನಿಮ್ಮಂತೆಯೇ ಆ ದೇಶದ ಸಂಚಾರ ನಿಯಮವನ್ನು ಪಾಲಿಸಬೇಕು. ಕಾಡುದಾರಿಯಲ್ಲಿಯೂ ಹಳ್ಳಿಯೊಂದು ಅಡ್ಡ ಬಂದರೆ ಅಲ್ಲಿ ವೇಗದ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಮಿತಿ ಮೀರಿದರೆ ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ. ಸಂಜೆ ದಂಡ ಬೀಳುತ್ತದೆ. ಗೆಲ್ಲುವ ಆಸೆಯಿಂದ ಜೀವವನ್ನು ಪಣವಿಟ್ಟು ಬಂದವನೂ ಮಕ್ಕಳು ಆಡುವ ಬೀದಿಯಲ್ಲಿ ಮೆಲ್ಲಗೆ ಹೋಗುತ್ತಾನೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ.

ಉಳಿದ ಅರ್ಧ ಸಿಕ್ಕಿದ್ದು ಪೌಲೊ ಗೊನ್ಸಾಲ್ವಿಸ್ ಎಂಬ ಪೋರ್ಚುಗಲ್ ದೇಶದ ಸವಾರನ ಕಥೆಯಲ್ಲಿ. 2015ರಲ್ಲಿ ಅವನು ಎರಡನೆಯ ಸ್ಥಾನ ಪಡೆದಿದ್ದ. 2016ರಲ್ಲಿ ಮತ್ತೆ ಗೆಲುವಿಗಾಗಿ ಹೋರಾಡುತ್ತಿರುವಾಗ, ಮಥಿಯಾಸ್ ವಾಕ್ನರ್ ಎಂಬ ಪ್ರತಿಸ್ಪರ್ಧಿ ತೊಡೆಯ ಮೂಳೆ ಮುರಿದು ಬಿದ್ದಿರುವುದನ್ನು ಕಂಡ. ಗಾಡಿ ನಿಲ್ಲಿಸಿ ಅವನ ಬಳಿ ಕುಳಿತ. ಹೀಗೆ ನಿಂತವರ ಹೊತ್ತನ್ನು ಲೆಕ್ಕದಿಂದ ಕಳೆದು ಹಿಂದಿರುಗಿಸುವ ಪದ್ಧತಿ ಈ ಪಂದ್ಯದಲ್ಲಿದೆ. ನಾಲ್ಕು ವರ್ಷಗಳ ಮೇಲೆ, 2020ರ ಜನವರಿ 12ರಂದು, ಗೊನ್ಸಾಲ್ವಿಸ್ ತಾನೇ ಸೌದಿಯ ಮರಳಿನಲ್ಲಿ ಬಿದ್ದ. ಆಗ ಅವನು ನಮ್ಮ ದೇಶದ ಹೀರೋ ಸಂಸ್ಥೆಯ ತಂಡದಲ್ಲಿದ್ದ. ಹಿಂದಿನಿಂದ ಬಂದ ಆಸ್ಟ್ರೇಲಿಯಾದ ಟೋಬಿ ಪ್ರೈಸ್, ಹಿಂದಿನ ವರ್ಷದ ವಿಜೇತ, ಪಂದ್ಯವನ್ನು ಮರೆತು ಅವನ ಪಕ್ಕದಲ್ಲಿ ನಿಂತ. ಆದರೆ ಗೊನ್ಸಾಲ್ವಿಸ್ ಉಳಿಯಲಿಲ್ಲ. ಅವನ ವಯಸ್ಸು 40. ಮರುದಿನ ಮೋಟಾರು ಸೈಕಲ್ಲುಗಳ ಓಟವನ್ನು ನಿಲ್ಲಿಸಿದರು. ಅವನ ತಂಡ ಆ ವರ್ಷದ ಪಂದ್ಯದಿಂದಲೇ ಹಿಂದೆ ಸರಿಯಿತು.

ನಮ್ಮವರೂ ಈ ಕಷ್ಟವನ್ನು ಬಲ್ಲರು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರನ್ನು ಪೂರೈಸಿದ ಮೊದಲ ಭಾರತೀಯ. ಅಂದು ಅವರ ಸ್ಥಾನ 36. 2018ರಲ್ಲಿ 34. 2021ರ ಜನವರಿಯಲ್ಲಿ ನಾಲ್ಕನೆಯ ಹಂತದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಔಷಧಿಯಿಂದ ಅವರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿಟ್ಟು ಚಿಕಿತ್ಸೆ ಮಾಡಿದರು. ಬಳಿಕ ಊರಿಗೆ ಕರೆತಂದರು. ಚೇತರಿಸಿಕೊಂಡರು. ಬಿದ್ದೊಡನೆ ಉಬ್ಬಿ ಎದೆ ಬೆನ್ನುಗಳನ್ನು ಕಾಯುವ ಗಾಳಿಚೀಲದ ಅಂಗಿಯನ್ನು ಮೋಟಾರು ಸೈಕಲ್ ಸವಾರರಿಗೆ ಕಡ್ಡಾಯ ಮಾಡಿದ್ದು ಆ ವರ್ಷವೇ. ಕೇರಳದ ಹರಿತ್ ನೋವಾ 2024ರಲ್ಲಿ 11ನೆಯವರಾಗಿ ಮುಗಿಸಿದರು. ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ, ‘ಬಾಹಾ’ ಎಂದು ಕರೆಯುವ ಇಂಥವೇ ಕಿರುಪಂದ್ಯಗಳಲ್ಲಿ 2019ರಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದರು.

ಇಷ್ಟನ್ನು ತಿಳಿದ ಮೇಲೆ ಹುಡುಗನನ್ನು ಮತ್ತೆ ಕರೆಸಿದೆ. ಮೊದಲು ಒಂದು ಗಣಿತ ಕೊಟ್ಟೆ. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಆ ವೇಗದಲ್ಲಿ ಗೋಡೆಗೆ ಬಡಿದರೆ 5 ಮೀಟರು ಎತ್ತರದಿಂದ, ಅಂದರೆ ಮಾಳಿಗೆಯ ಮೇಲಿಂದ, ಬಿದ್ದಷ್ಟು ಪೆಟ್ಟು. ವೇಗವನ್ನು ಎರಡರಷ್ಟು ಮಾಡಿದರೆ ಪೆಟ್ಟು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. 72ರಲ್ಲಿ ಬಡಿದರೆ 20 ಮೀಟರಿನಿಂದ, ಎತ್ತರದ ತೆಂಗಿನ ಮರದ ತುದಿಯಿಂದ ಬಿದ್ದಂತೆ. 108ರಲ್ಲಿ ಅಂಥ ಎರಡು ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಸಾಲದು. ಅದೇ 108ರಲ್ಲಿ, ಎದುರಿಗೆ ದನ ಬಂದುದನ್ನು ಕಂಡು ಬ್ರೇಕಿಗೆ ಕೈ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ 30 ಮೀಟರು ಮುಂದೆ ಹೋಗಿರುತ್ತದೆ. ಋತುಪರ್ಣನ ಉತ್ತರೀಯದ ಹಾಗೆ, ‘ಅಯ್ಯೋ’ ಎಂದ ಮಾತೇ ಹಿಂದೆ ಉಳಿದುಬಿಡುತ್ತದೆ.

ಬಳಿಕ ಅವನ ಪ್ರಶ್ನೆಗೆ ಬಂದೆ. ಸಾಹಸ ಎಂಬ ಮಾತು ‘ಸಹಸ್’, ಅಂದರೆ ಬಲ, ಎಂಬುದರಿಂದ ಹುಟ್ಟಿದ್ದು. ಹಳೆಯ ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಒಂದು ಅಪರಾಧ: ಬಲದ ಸೊಕ್ಕಿನಿಂದ ಇನ್ನೊಬ್ಬರ ಮೇಲೆ ಎಸಗುವ ಹಿಂಸೆ. ಅದೇ ಮಾತು ಕನ್ನಡದಲ್ಲಿ ರನ್ನನ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಗೌರವದ ಹೆಸರನ್ನು ಕೊಟ್ಟಿತು. ಒಂದೇ ಪದಕ್ಕೆ ಎರಡು ಮುಖ. “ನೀನು ಬೈಪಾಸಿನಲ್ಲಿ ಗಾಲಿ ಎತ್ತುವಾಗ ಎದುರಿನಿಂದ ಬರುವ ಟೊಮೇಟೊ ಗಾಡಿಯವನು ನಿನ್ನ ಪಂದ್ಯಕ್ಕೆ ಒಪ್ಪಿ ಸಹಿ ಹಾಕಿದ್ದಾನೆಯೇ?” ಎಂದು ಕೇಳಿದೆ. ಡಾಕರಿನ ಸವಾರ ತನ್ನ ಜೀವವನ್ನು ಮಾತ್ರ ಪಣವಿಡುತ್ತಾನೆ. ಅದನ್ನೂ ಕಾಪಾಡಿಕೊಳ್ಳಲು ನೂರು ಏರ್ಪಾಡು ಮಾಡಿಕೊಂಡು ಹೊರಡುತ್ತಾನೆ. ಇನ್ನೊಬ್ಬನಿಗಾಗಿ ನಿಲ್ಲುವುದನ್ನೂ ಬಲ್ಲ. ಹುಡುಗ ಮಾತಾಡಲಿಲ್ಲ. ಕಾಲು ಕಳೆದುಕೊಂಡ ಗೆಳೆಯನನ್ನು ಅಂದು ರಾತ್ರಿ ಆಸ್ಪತ್ರೆಗೆ ಹೊತ್ತೊಯ್ದವನು ಆ ದಾರಿಯಲ್ಲಿ ಬಂದ ಹಾಲಿನ ವ್ಯಾನಿನವನೆಂದೂ, ತಾವೆಲ್ಲ ಪೋಲೀಸರಿಗೆ ಹೆದರಿ ಓಡಿಹೋಗಿದ್ದೆವೆಂದೂ ಆಮೇಲೆ ತಾನಾಗಿಯೇ ಹೇಳಿದ.

ಹಾಗಾದರೆ ಹುಮ್ಮಸ್ಸಿನ ಮಕ್ಕಳನ್ನು ಕಟ್ಟಿಹಾಕಬೇಕೆ? ಬೇಡ. ಅವರಿಗೆ ಸರಿಯಾದ ಅಖಾಡವನ್ನು ತೋರಿಸಬೇಕು. ನಮ್ಮಲ್ಲಿ ಹಿಂದೆ ಮದರಾಸಿನ ಬಳಿಯ ಷೋಲಾವರದಲ್ಲಿ, ಬಳಕೆ ತಪ್ಪಿದ ವಿಮಾನನಿಲ್ದಾಣದ ಮೇಲೆ, ಪಂದ್ಯಗಳು ನಡೆಯುತ್ತಿದ್ದವು. ಈಗ ಚೆನ್ನೈ, ಕೊಯಮತ್ತೂರುಗಳ ಬಳಿ ಅದಕ್ಕೆಂದೇ ಕಟ್ಟಿದ ಓಟದ ಪಥಗಳಿವೆ. ಮಣ್ಣಿನ ಮೇಲೆ ಓಡಿಸುವುದನ್ನು ಕಲಿಸಲು ಸಂತೋಷ್ ಅವರೇ ಕೋಲಾರದ ದಿಕ್ಕಿನಲ್ಲಿ ತರಬೇತಿಯ ಮೈದಾನವೊಂದನ್ನು ಸ್ಥಾಪಿಸಿದರು. ದೇಶದ ಮೋಟಾರು ಕ್ರೀಡೆಗಳ ಆಡಳಿತ ನೋಡುವುದು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟ. ಸ್ಪರ್ಧಿಸಬೇಕಾದರೆ ಅದರ ಪರವಾನಗಿ ಬೇಕು.

ಪ್ರಯತ್ನಿಸಬಯಸುವವರು ಈ ಕ್ರಮದಲ್ಲಿ ಹೋಗಬಹುದು. ಮೊದಲು ಮುಚ್ಚಿದ ಮೈದಾನದಲ್ಲಿ, ಗುರುಗಳ ಕಣ್ಣೆದುರಿನಲ್ಲಿ, ಹಗುರವಾದ ಗಾಡಿಯ ಮೇಲೆ ಬೀಳುವುದನ್ನೂ ಏಳುವುದನ್ನೂ ಕಲಿಯಬೇಕು. ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ಟು, ಕತ್ತು, ಎದೆ, ಮಂಡಿಗಳ ಕವಚ, ಗಟ್ಟಿ ಬೂಟು, ಕೈಚೀಲ ಇವಿಲ್ಲದೆ ಗಾಡಿ ಹತ್ತಬಾರದು. ಆಮೇಲೆ ಸಣ್ಣ ಮಣ್ಣುಪಥದ ಪಂದ್ಯ, ಅದು ಕರಗತವಾದ ಮೇಲೆ ದೂರದ ರ್‍ಯಾಲಿ, ಕೊನೆಗೆ ಮರಳು. ಮೊದಲನೆಯ ತರಗತಿ ಮುಗಿಸದೆ ಎಸ್ಸೆಸ್ಸೆಲ್ಸಿಗೆ ಕೂರಲಾಗುವುದಿಲ್ಲವಷ್ಟೆ. ಪಂದ್ಯಕ್ಕೆ ಸೇರುವ ಮುನ್ನ ಅಲ್ಲಿ ವೈದ್ಯರೂ ಆಂಬುಲೆನ್ಸೂ ಇವೆಯೇ, ಗಾಡಿಯನ್ನು ಬಿಡುವ ಮೊದಲು ಪರೀಕ್ಷಿಸುತ್ತಾರೆಯೇ ಎಂದು ವಿಚಾರಿಸಬೇಕು. ಇಲ್ಲವಾದರೆ ಹಿಂದಿರುಗಿ ಬರುವುದು ಹೇಡಿತನವಲ್ಲ.

ಹಿರಿಯರಿಗೊಂದು ಮಾತು. ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ಇದಲ್ಲದೆ, 2019ರ ತಿದ್ದುಪಡಿಯಂತೆ, ವಯಸ್ಸು ತುಂಬದ ಮಕ್ಕಳು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ 3 ವರ್ಷದವರೆಗೆ ಸೆರೆಯೂ 25,000 ರೂಪಾಯಿ ದಂಡವೂ ಉಂಟು. ಹದಿನಾರರ ಮಗನ ಕೈಗೆ ಬೀಗದ ಕೈ ಕೊಟ್ಟು ‘ನಮ್ಮ ಹುಡುಗ ಧೈರ್ಯವಂತ’ ಎಂದು ನೆಂಟರ ಮುಂದೆ ಹೇಳಿಕೊಳ್ಳುವ ತಂದೆಯರು ಇದನ್ನು ಗಮನಿಸಬೇಕು.

ನನ್ನ ವಿದ್ಯಾರ್ಥಿ ಮೂರು ತಿಂಗಳು ಹಣ ಕೂಡಿಟ್ಟು ಮಣ್ಣಿನ ಮೈದಾನವೊಂದಕ್ಕೆ ಎರಡು ದಿನದ ತರಬೇತಿಗೆ ಹೋಗಿಬಂದ. ಮೊಣಕೈ ತರಚಿಕೊಂಡು ಬಂದವನು, “ಸಾರ್, ಮೊದಲ ದಿನವೆಲ್ಲ ನಿಲ್ಲಿಸುವುದನ್ನೇ ಕಲಿಸಿದರು. ಗಾಲಿ ಎತ್ತುವುದಕ್ಕಿಂತ ಅದು ಕಷ್ಟ” ಎಂದ. ಅವನು ಡಾಕರಿಗೆ ಹೋಗುವನೋ ಇಲ್ಲವೋ, ಬೈಪಾಸಿಗಂತೂ ಹೋಗುವುದನ್ನು ಬಿಟ್ಟಿದ್ದಾನೆ. ಭಾನುವಾರಗಳಲ್ಲಿ ಕಾಲು ಕಳೆದುಕೊಂಡ ಗೆಳೆಯನನ್ನು ನೋಡಲು ಹೋಗುತ್ತಾನೆ. ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರುವುದನ್ನು ಅವನ ತಾಯಿ ಇನ್ನೂ ಬಿಟ್ಟಿಲ್ಲ. ಆದರೆ ಆ ಸದ್ದು ಈಗ ರಾತ್ರಿ ಒಂಬತ್ತರೊಳಗೆ ಕೇಳಿಸುತ್ತದಂತೆ.